ಅಮ್ಮನಿಗೆ ಕೆತ್ತಿದ ಅಚ್ಚುಗಳು

ಅಮ್ಮ ಬಿದ್ದದ್ದನ್ನು ನಾನು ಮೇಲಿನಿಂದ ನೋಡಿದೆ. ದಾದರಿನಲ್ಲಿ ನಾವಿದ್ದ ಚಾಳಿನ ಮೂರನೆಯ ಮಹಡಿಗೆ ಆ ಬೇಸಿಗೆಯಲ್ಲಿ ನೀರು ಏರುತ್ತಿರಲಿಲ್ಲ. ಎಲ್ಲರೂ ಕೆಳಗಿನ ಅಂಗಳದ ನಲ್ಲಿಗೇ ಹೋಗಬೇಕಿತ್ತು. ನನಗೆ ಕಾಲೇಜಿನ ಮೊದಲ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. "ನೀನು ಓದ್ಕೋ ಹೋಗೇ, ಎರಡು ಕೊಡ ನೀರು ತರೋಕೆ ನನಗೇನು ಕಷ್ಟ" ಎಂದು ಅಮ್ಮ ತಾನೇ ಇಳಿದು ಹೋಗಿದ್ದಳು. ನಾನು ಪುಸ್ತಕ ಹಿಡಿದುಕೊಂಡು ಮನೆಗಳ ಮುಂದಿನ ಗ್ಯಾಲರಿಯ ಕಟಕಟೆಗೆ ಒರಗಿ, ಓದದೆ, ಸುಮ್ಮನೆ ಕೆಳಗೆ ನೋಡುತ್ತಿದ್ದೆ. ಸಾಲಿನಲ್ಲಿ ಅಮ್ಮನ ಮುಂದೆ ಇನ್ನಿಬ್ಬರಿದ್ದರು. ಅವಳ ಬಲಗೈಯಿಂದ ಕೊಡ ಜಾರಿತು. ಅವಳು ಅದನ್ನು ಎತ್ತಿಕೊಳ್ಳಲು ಬಗ್ಗಲಿಲ್ಲ. ಬೇರೆ ಯಾರದೋ ಕೊಡ ಬಿದ್ದಿದೆ ಎನ್ನುವ ಹಾಗೆ ಅದರ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ನೆಲದ ಮೇಲೆ ಕೂತಳು. ಆಮೇಲೆ ಪಕ್ಕಕ್ಕೆ ವಾಲಿದಳು.

ಐವತ್ತರ ದಶಕದ ನಡುವಿನ ಮಾತಿದು. ನನಗೆ ಹದಿನೇಳು, ಅಮ್ಮನಿಗೆ ನಲವತ್ತೊಂದು. ಅಪ್ಪ ಫೋರ್ಟ್ ಭಾಗದ ಒಂದು ಹಡಗು ಸಾಗಾಣಿಕೆ ಆಫೀಸಿನಲ್ಲಿ ಗುಮಾಸ್ತರು. ಮೈಸೂರಿನಿಂದ ಅವರಿಬ್ಬರೂ ಮುಂಬಯಿಗೆ ಬಂದಾಗ ನಾನಿನ್ನೂ ಕೈಗೂಸು. ನಾನು ಒಬ್ಬಳೇ ಮಗಳು.

ಆಸ್ಪತ್ರೆಯಲ್ಲಿ ಒಂಬತ್ತನೆಯ ದಿನ ಅಮ್ಮ ಬಾಯಿ ಬಿಟ್ಟಳು. ನಾನು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. "ಅದಲ್ಲ" ಎಂದಳು. ಸ್ಪಷ್ಟವಾಗಿ, ಅವಳದೇ ದನಿಯಲ್ಲಿ. ಅಪ್ಪ ಕುರ್ಚಿಯಿಂದ ಎದ್ದುಬಿಟ್ಟರು. "ಮಾತು ಬಂತು! ಏನು ಬೇಕೇ, ಹೇಳು, ಗಂಜಿ ಬೇಡವಾ?" ಎಂದು ಮಂಚದ ಮೇಲೆ ಬಗ್ಗಿದರು. ಅಮ್ಮ "ಅದಲ್ಲ" ಎಂದಳು. ಹಾಲು ತಂದೆವು, ಅದಲ್ಲ. ನೀರು ತಂದೆವು, ಅದಲ್ಲ. ದಿಂಬು ಸರಿಮಾಡಿದೆವು, ಅದಲ್ಲ. ಸಂಜೆಯ ಹೊತ್ತಿಗೆ ನಮಗೆ ಅರ್ಥವಾಯಿತು. ಅವಳಿಗೆ ಉಳಿದದ್ದು ಆ ಒಂದೇ ಮಾತು. ಹಸಿದರೂ ಅದೇ, ಹೊಟ್ಟೆ ತುಂಬಿದರೂ ಅದೇ. ನನ್ನನ್ನು ಕರೆಯುವುದೂ ಅದೇ.

"ಲಕ್ವವಂತೆ. ಮೆದುಳಿನಲ್ಲಿ ಮಾತಿನ ಜಾಗಕ್ಕೇ ಏಟು ಬಿದ್ದಿದೆಯಂತೆ" ಎಂದು ಅಪ್ಪ ಡಾಕ್ಟರು ಹೇಳಿದ್ದನ್ನು ನನಗೆ ಹೇಳಿದರು. "ನಾವು ಹೇಳೋದೆಲ್ಲ ತಿಳಿಯತ್ತಂತೆ. ಹೇಳೋಕೆ ಮಾತ್ರ ಆಗಲ್ಲವಂತೆ."

"ಯಾವಾಗ ಸರಿ ಹೋಗತ್ತಂತೆ ಅಪ್ಪ?"

ಅಪ್ಪ ಔಷಧಿಯ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಬಲಗೈ, ಬಲಗಾಲು ಎರಡೂ ಹೋಗಿದ್ದವು. ಮೂರು ವಾರಕ್ಕೆ ಮನೆಗೆ ಕರೆತಂದೆವು. ನಾನು ಪರೀಕ್ಷೆಗೆ ಕೂರಲಿಲ್ಲ, ಕಾಲೇಜಿಗೆ ಮತ್ತೆ ಹೋಗಲಿಲ್ಲ. ಅದನ್ನು ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಬೆಳಿಗ್ಗೆ ಅಪ್ಪ ಲೋಕಲ್ ರೈಲು ಹಿಡಿಯಲು ಓಡುತ್ತಿದ್ದರು, ಮನೆಯಲ್ಲಿ ನಾನಲ್ಲದೆ ಬೇರೆ ಯಾರಿದ್ದರು? ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಅಕ್ಕ ಒಬ್ಬರಿದ್ದರು. ಅವರ ಗಂಡ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆಯವರು. ಅಮ್ಮನಿಗೆ ಸ್ನಾನ ಮಾಡಿಸುವುದಕ್ಕೆ, ಮಗ್ಗುಲು ಬದಲಿಸುವುದಕ್ಕೆ ಆ ಅಕ್ಕ ಬಂದು ಕೈಜೋಡಿಸುತ್ತಿದ್ದರು.

ಮೊದಮೊದಲು ನಾನು ಸ್ಲೇಟಿನ ಮೇಲೆ ಚಿತ್ರ ಬರೆದು ತೋರಿಸಿದೆ. ಲೋಟ, ತಟ್ಟೆ, ದಿಂಬು. ಯಾವುದು ಬೇಕಮ್ಮ ಎಂದರೆ ಅಮ್ಮ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು, ಎಲ್ಲದಕ್ಕೂ "ಅದಲ್ಲ" ಎನ್ನುತ್ತಿದ್ದಳು. ಎಡಗೈಯ ಬೆರಳು ಸ್ಲೇಟಿನ ಮೇಲೆಲ್ಲ ಅಲೆದಾಡಿ ಚಿತ್ರವನ್ನೇ ಅಳಿಸಿಬಿಡುತ್ತಿತ್ತು. ಅವಳು ಅಕ್ಷರ ಕಲಿತವಳಲ್ಲ, ಆದ್ದರಿಂದ ಅಕ್ಷರ ತೋರಿಸುವ ಹಾಗೂ ಇರಲಿಲ್ಲ.

ಒಂದು ಮಧ್ಯಾಹ್ನ ಹಳೆಯ ಬಟ್ಟೆ ಹುಡುಕುತ್ತಾ ಟ್ರಂಕನ್ನು ಮಂಚದ ಮೇಲೆ ಸುರಿದೆ. ನಾನು ಚಿಕ್ಕವಳಿದ್ದಾಗ ಆಟಕ್ಕೆಂದು ಅಪ್ಪ ಆಫೀಸಿನಿಂದ ತಂದುಕೊಟ್ಟಿದ್ದ ಒಂದು ಸವೆದ ರಬ್ಬರ್ ಸ್ಟ್ಯಾಂಪು ಉರುಳಿ ಬಿತ್ತು. ಅಮ್ಮನ ಎಡಗೈ ಅದನ್ನು ತಟ್ಟನೆ ಹಿಡಿದುಕೊಂಡಿತು. ಹಿಡಿದು, ಹಾಸಿಗೆಯ ಮೇಲೆ ಒತ್ತಿತು. ಎತ್ತಿ ನೋಡಿತು. ಮತ್ತೆ ಒತ್ತಿತು. ಆ ಕೈಯಲ್ಲಿ ಅಲೆದಾಟವೇ ಇರಲಿಲ್ಲ. ಬೇರೆ ಯಾವ ಕೆಲಸದಲ್ಲೂ ಅಷ್ಟು ನೆಟ್ಟಗೆ ನಡೆಯದ ಕೈ ಒತ್ತುವುದಕ್ಕೆ ಮಾತ್ರ ಸರಿಯಾಗಿ ನಡೆಯಿತು.

ನಾನು ಅಲ್ಲೇ ಕೂತು ನನ್ನ ಶಾಲೆಯ ದಿನಗಳ ರಬ್ಬರೊಂದನ್ನು ತೆಗೆದುಕೊಂಡೆ. ಅಪ್ಪ ಗಡ್ಡ ಹೆರೆಯುವ ಬ್ಲೇಡನ್ನು ಅರ್ಧಕ್ಕೆ ಮುರಿದೆ. ರಬ್ಬರಿನ ಒಂದು ಮುಖದ ಮೇಲೆ ಲೋಟ ಬರೆದು ಗೆರೆಗಳನ್ನು ಕೊರೆದೆ. ಇನ್ನೊಂದು ತುಂಡಿನಲ್ಲಿ ತಟ್ಟೆ. ಟ್ರಂಕಿನಲ್ಲೇ ಇದ್ದ ಒಣಗಿದ ಸ್ಟ್ಯಾಂಪ್ ಪ್ಯಾಡಿಗೆ ನೇರಳೆ ಶಾಯಿ ಸುರಿದು ಎರಡನ್ನೂ ಒತ್ತಿ ನೋಡಿದೆ. ಗೆರೆಗಳು ಬರಲೇ ಇಲ್ಲ. ಎರಡು ನೇರಳೆ ಚೌಕ, ಅವುಗಳ ನಡುವೆ ಏನೋ ಬಿಳಿ ಗೀಚು. ಎರಡನೆಯ ಸಲ ಗೆರೆಯನ್ನು ಉಳಿಸಿ ಸುತ್ತಲಿನದನ್ನು ಕೆತ್ತಿ ತೆಗೆದೆ. ಲೋಟ ಬಕೆಟ್ಟಿನ ಹಾಗೆ ಕಂಡಿತು. ಆದರೂ ಎರಡನ್ನೂ ಅಮ್ಮನ ಎಡಗೈ ಹತ್ತಿರ ಇಟ್ಟು, ಕಾಗದ ಹಿಡಿದೆ.

ಅಮ್ಮ ಎರಡನ್ನೂ ನೋಡಿದಳು. ಲೋಟವನ್ನು ಎತ್ತಿ ಒತ್ತಿದಳು. ನಾನು ನೀರು ಕೊಟ್ಟೆ. ಒಂದು ಹನಿ ಬಿಡದೆ ಕುಡಿದಳು. ಕುಡಿದು, ನನ್ನ ಮುಖ ನೋಡಿ, "ಅದಲ್ಲ" ಎಂದು ನಕ್ಕಳು. ಬಾಯಿಯ ಎಡಭಾಗ ಮಾತ್ರ ನಗುತ್ತಿತ್ತು. ಕಾಯಿಲೆ ಬಿದ್ದ ಮೇಲೆ ಅವಳು ಕೇಳಿದ್ದನ್ನು ಕೇಳಿದ ಹಾಗೇ ಕೊಟ್ಟದ್ದು ಅದೇ ಮೊದಲು. ನಾನು ಮೂಲೆಯ ಬಚ್ಚಲು ಮೋರಿಯ ಹತ್ತಿರ ಹೋಗಿ, ಅವಳಿಗೆ ಕೇಳಿಸದ ಹಾಗೆ ಅತ್ತೆ.

ಮರುದಿನ ಸಂಜೆ ಗ್ಯಾಲರಿಯಲ್ಲಿ ಕೂತು ದಿಂಬನ್ನು ಕೆತ್ತುತ್ತಿದ್ದಾಗ ಕೊನೆಯ ಖೋಲಿಯ ಕಾಕಾ ಆಫೀಸಿನಿಂದ ಬಂದರು. ಆಫೀಸೆಂದರೆ ಗ್ರಾಂಟ್ ರೋಡಿನ ಒಂದು ಛಾಪಖಾನೆ. ಗೋಡೆಗೆ ಅಂಟಿಸುವ ದೊಡ್ಡ ಪೋಸ್ಟರುಗಳಿಗೆ ಬೇಕಾದ ಮರದ ಅಕ್ಷರಗಳನ್ನು ಕೆತ್ತುವುದು ಅವರ ಕೆಲಸ. ಸೊಲ್ಲಾಪುರದವರು. ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಆ ಕಡೆಯ ಕನ್ನಡ. ನನ್ನ ಕೈಯಿಂದ ರಬ್ಬರನ್ನು ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಇದೇನ ಪೋರಿ?"

ಹೇಳಿದೆ. ಅಮ್ಮನಿಗೆ ಎಂದೂ ಹೇಳಿದೆ. ಅವರು ಉಗುರಿನಿಂದ ಗೆರೆಯ ಅಂಚನ್ನು ಮುಟ್ಟಿ ನೋಡಿದರು.

"ಗೆರಿ ಬಾಜೂಕ ನೆಟ್ಟಗ ಕೊಯ್ದೀ ನೋಡು, ಅದಕ್ಕ ಒತ್ತಿದ ಕೂಡ್ಲೆ ಮುರಕೊಂಡು ಬೀಳತೈತಿ. ಬುಡ ಅಗಲ ಇರಲಿ, ತುದಿ ಸಣ್ಣ. ಗುಡ್ಡ ಇರತೈತಲ್ಲ, ಹಂಗ. ಮತ್ತ ಏನ ಕೆತ್ತಿದ್ರೂ ಉಲ್ಟಾ ಕೆತ್ತಬೇಕು. ಎಡಕ್ಕಿದ್ದದ್ದು ಬಲಕ್ಕ."

ಮರುದಿನ ಅವರು ಕಿರುಬೆರಳಿನಷ್ಟು ಉದ್ದದ ಒಂದು ಹಳೆಯ ಉಳಿ ತಂದುಕೊಟ್ಟರು. ಒಂದು ಮಾತನ್ನೂ ಹೇಳಿದರು. "ದಿನಾ ಒಂದು. ಛಂದ ಬರಲಿ ಬಿಡಲಿ, ದಿನಾ ಒಂದು ಕೆತ್ತು. ರೂಢಿ ಆಗಬೇಕಾದ್ದು ಕೈಗೆ, ತಲಿಗಲ್ಲ."

ಹಾಗೆ ಶುರುವಾಯಿತು. ರಬ್ಬರುಗಳು ಬೇಗ ಮುಗಿದವು. ದಾದರ್ ಸ್ಟೇಷನ್ನಿನ ಸೇತುವೆಯ ಕೆಳಗೆ ಕೂರುತ್ತಿದ್ದ ಚಮ್ಮಾರನೊಬ್ಬ ಬೂಟಿನ ಅಟ್ಟೆ ಕತ್ತರಿಸಿ ಉಳಿದ ರಬ್ಬರ್ ಚೂರುಗಳನ್ನು ಅಪ್ಪನಿಗೆ ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಅವನ್ನು ಚಹಾ ಪೆಟ್ಟಿಗೆಯ ಮರದ ತುಂಡುಗಳಿಗೆ ಅಂಟಿಸಿದರೆ ಅಮ್ಮನ ಕೈಗೆ ಹಿಡಿಯಲು ಸರಿಯಾಗುತ್ತಿತ್ತು. ಅಪ್ಪ ಆಫೀಸಿನಿಂದ ಒಂದು ಮಗ್ಗುಲು ಖಾಲಿ ಇರುವ ಕಾಗದಗಳನ್ನು ತರುತ್ತಿದ್ದರು. ಮಧ್ಯಾಹ್ನ ಅಮ್ಮ ನಿದ್ದೆ ಹೋದಾಗ, ಚಾಳಿನ ಗಂಡಸರೆಲ್ಲ ಕೆಲಸಕ್ಕೆ ಹೋಗಿ ಗ್ಯಾಲರಿ ಖಾಲಿಯಾದಾಗ, ನಾನು ಹೊಸ್ತಿಲ ಬಳಿ ಕೂತು ಆ ದಿನದ ಅಚ್ಚನ್ನು ಕೆತ್ತುತ್ತಿದ್ದೆ. ಸಂಜೆ ಕಾಕಾ ಕಾಲು ತೊಳೆಯುವ ಮೊದಲೇ ನನ್ನ ಕಾಗದ ನೋಡಬೇಕು. ಚೆನ್ನಾಗಿದ್ದರೆ "ಹ್ಞಾಂ" ಎನ್ನುವರು. ಇಲ್ಲದಿದ್ದರೆ "ನಾಳಿ ನೋಡೂಣು". ಬಹಳ ದಿನ "ನಾಳಿ ನೋಡೂಣು" ಎಂದೇ ಆಯಿತು.

ಬಾಚಣಿಗೆಗೆ ನಾಲ್ಕು ದಿನ ಹಿಡಿಯಿತು. ಹಲ್ಲುಗಳು ಒಂದರ ಮೇಲೊಂದು ಮುರಿಯುತ್ತಿದ್ದವು. "ಅಷ್ಟೂ ಹಲ್ಲು ಯಾಕ? ಐದು ಸಾಕು. ಉಳಿದದ್ದನ್ನ ನೋಡಾವ್ರ ಕಣ್ಣು ತುಂಬಕೋತೈತಿ" ಎಂದರು ಕಾಕಾ. ಐದೇ ಹಲ್ಲು ಕೆತ್ತಿದೆ. ಅಮ್ಮ ನೋಡಿದ ಕೂಡಲೇ ಕೈಯನ್ನು ತಲೆಗೆ ಒಯ್ದಳು. ಕಾಫಿಗೆ ಲೋಟದ ಮೇಲೆ ಮೂರು ಹಬೆಯ ಗೆರೆ ಸೇರಿಸಿದೆ. ನೋವನ್ನು ಹೇಗೆ ಕೆತ್ತುವುದೆಂದು ತಿಳಿಯದೆ ಎರಡು ದಿನ ಒದ್ದಾಡಿ, ಕೊನೆಗೆ ಹುಬ್ಬು ಗಂಟಿಕ್ಕಿದ ಒಂದು ಮುಖ ಮಾಡಿದೆ. ಅಮ್ಮ ಆ ಮುಖವನ್ನು ಒತ್ತಿ, ಪಕ್ಕದಲ್ಲಿ ಕಾಲಿನ ಅಚ್ಚನ್ನು ಒತ್ತಿದಳು. ಕಾಲು ನೋವು! ನಾನು ಹೇಳಿಕೊಟ್ಟಿರಲಿಲ್ಲ. ಎರಡನ್ನು ಕೂಡಿಸಿದರೆ ಒಂದು ಮಾತಾಗುತ್ತದೆಂದು ಅವಳೇ ಕಂಡುಕೊಂಡಿದ್ದಳು. ಆ ಸಂಜೆ ಅಪ್ಪ ಆ ಕಾಗದವನ್ನು ಹಿಡಿದು ಗ್ಯಾಲರಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ತೋರಿಸಿಕೊಂಡು ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬಿದಿರಿನ ತಟ್ಟೆಯ ತುಂಬ ಅಚ್ಚುಗಳಾಗಿದ್ದವು.

ಅವುಗಳಲ್ಲಿ ಒಂದು ಬಾಗಿಲು. ಗ್ಯಾಲರಿಯಲ್ಲಿ ಓಡಾಡುವವರು ಇಣುಕಿದರೆ ಅಮ್ಮನಿಗೆ ಆಗುತ್ತಿರಲಿಲ್ಲ. ಮುಚ್ಚು ಎನ್ನಲು ಅದು. ಇನ್ನೊಂದು, ಸೆರಗು ಹೊದ್ದ ಹೆಂಗಸು. ಅದು ಪಕ್ಕದ ಮನೆಯ ಅಕ್ಕನನ್ನು ಕರೆಯಲು. ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ನಿದ್ದೆಯಿಂದ ಎದ್ದವಳೇ ಬಾಗಿಲನ್ನು ಒತ್ತಿದಳು, ಅದಕ್ಕೆ ತಾಗಿಕೊಂಡ ಹಾಗೆ ಹೆಂಗಸನ್ನು ಒತ್ತಿದಳು. ನನ್ನ ಮುಖ ನೋಡಿದಳು.

ನಾನು ಹೋಗಿ ಅಕ್ಕನನ್ನು ಕರೆತಂದೆ. "ಎಂಥ ಬೇಕಮ್ಮಾ ನಿಮಗೆ? ನಾನು ಇಲ್ಲಿಯೇ ಇದ್ದೇನೆ ಅಲ್ವಾ" ಎಂದು ಅವರು ಮಂಚದ ಬಳಿ ಕೂತರು. ಅಮ್ಮ ಅವರ ಕೆನ್ನೆ ಸವರಿದಳು. ಸವರಿ, ಮತ್ತೆ ಅವೇ ಎರಡನ್ನು ಒತ್ತಿದಳು.

"ಅದಲ್ಲ" ಎಂದಳು.

ಬಾಗಿಲು ಮುಚ್ಚಿದೆ. ತೆರೆದೆ. ಅಕ್ಕ ಹೊರಗೆ ಹೋಗಿ ನಿಂತರು, ಒಳಗೆ ಬಂದರು. ಅಮ್ಮ ಕಾಗದವನ್ನೇ ನೋಡುತ್ತಿದ್ದಳು. ಮರುದಿನವೂ ಅದೇ ಎರಡು. ಅದರ ಮರುದಿನವೂ. ನೀರು ಬೇಕಾದರೆ ಲೋಟ, ಕಾಲು ಸೆಳೆದರೆ ಕಾಲು, ಮುಖ. ಅದೆಲ್ಲ ಮುಗಿದ ಮೇಲೆ, ದಿನಕ್ಕೊಮ್ಮೆ, ಬಾಗಿಲು ಮತ್ತು ಹೆಂಗಸು. ಅವಸರವಿಲ್ಲದೆ, ಬಹಳ ಮುಖ್ಯವಾದದ್ದನ್ನು ಹೇಳುವವರ ಹಾಗೆ ಒತ್ತಿ, ಕಾದು ಕೂರುತ್ತಿದ್ದಳು.

ಯಾವ ಹೆಂಗಸು? ಯಾವ ಬಾಗಿಲು? ಅಲ್ಲಿಂದ ಮುಂದೆ ನನ್ನ ದಿನದ ಅಚ್ಚೆಂದರೆ ಆ ಪ್ರಶ್ನೆಗೆ ಒಂದೊಂದು ಊಹೆ. ಮೂಗುತಿಯ ಹೆಂಗಸು, ತೀರಿಹೋಗಿದ್ದ ಅಜ್ಜಿಗಾಗಿ. ಮಗು ಎತ್ತಿಕೊಂಡ ಹೆಂಗಸು. ಕೊಡ ಹೊತ್ತ ಹೆಂಗಸು. ದೇವಸ್ಥಾನದ ಬಾಗಿಲು, ಆಸ್ಪತ್ರೆಯ ಬಾಗಿಲು, ಮೈಸೂರಿನಲ್ಲಿ ಅವಳು ಹುಟ್ಟಿದ ಮನೆಯ ಕಿರುಬಾಗಿಲು. ಅದನ್ನು ಅಪ್ಪ ಬಾಯಲ್ಲಿ ಹೇಳಿದ ಹಾಗೆ ಕೆತ್ತಿದೆ. ಅಮ್ಮ ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು ನೋಡಿ, ಮಂಚದ ಅಂಚಿಗೆ ಸರಿಸುತ್ತಿದ್ದಳು. ಎರಡು ಜಡೆಯ ಹುಡುಗಿಯನ್ನೂ ಕೆತ್ತಿದೆ. ಅದು ನಾನು. ಅದನ್ನು ಅವಳು ಬಹಳ ಹೊತ್ತು ನೋಡಿದಳು. ಕಾಗದದ ತೀರಾ ಮೂಲೆಯಲ್ಲಿ ಒಂದು ಸಲ ಒತ್ತಿದಳು. ಆಮೇಲೆ ಮತ್ತೆ ನಡುವೆ ಬಾಗಿಲು, ಹೆಂಗಸು.

ನನ್ನ ಕೈ ಪಳಗುತ್ತಾ ಬಂತು. ಅದೇ ವಿಚಿತ್ರ. ಮುಖದಲ್ಲಿ ವಯಸ್ಸು ತರುವುದು ಹೇಗೆ, ಸೆರಗಿನ ಮಡಿಕೆಗೆ ಎಷ್ಟು ಗೆರೆ ಬಿಟ್ಟರೆ ಸಾಕು, ಹೆಂಗಸು ಬರುತ್ತಿದ್ದಾಳೋ ಹೋಗುತ್ತಿದ್ದಾಳೋ ಎಂಬುದನ್ನು ಹಿಮ್ಮಡಿಯಲ್ಲಿ ತೋರಿಸುವುದು ಹೇಗೆ, ಎಲ್ಲ ತಿಳಿಯುತ್ತಾ ಹೋಯಿತು. ಕಾಕಾ "ಹ್ಞಾಂ" ಎನ್ನುವ ದಿನಗಳೇ ಹೆಚ್ಚಾದವು. ಅಮ್ಮ ಕೇಳುತ್ತಿದ್ದುದು ಮಾತ್ರ ಒಂದಿಷ್ಟೂ ಹತ್ತಿರ ಬರಲಿಲ್ಲ.

ಅಪ್ಪ ಮೈಸೂರಿಗೆ ಕಾಗದ ಬರೆದರು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ರೈಲಿನಲ್ಲಿ ಬಂದಿಳಿದರು. ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಹೆಂಗಸು ಸಿಕ್ಕಿದಳು ಎಂದು ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ಆ ದಿನ ಅಮ್ಮ ಆ ಅಚ್ಚುಗಳನ್ನು ಮುಟ್ಟಲಿಲ್ಲ. ಮರುದಿನ ದೊಡ್ಡಮ್ಮನ ಕಣ್ಣೆದುರೇ ಎರಡನ್ನೂ ಒತ್ತಿದಳು.

"ಇದೇನೇ ಇದು?" ಎಂದು ದೊಡ್ಡಮ್ಮ ನನ್ನನ್ನು ಕೇಳಿದರು. ಹೇಳಿದೆ. "ಅಯ್ಯೋ, ಅಷ್ಟೂ ಗೊತ್ತಾಗಲ್ಲವೇ? ಮಗಳ ಮದುವೆ ಮಾಡಿ ಅಂತಿದಾಳೆ. ಹೆಣ್ಣುಮಗಳು ಬಾಗಿಲು ದಾಟೋದು ಅಂದ್ರೆ ಇನ್ನೇನು?"

ಅಪ್ಪ ಅದನ್ನು ಒಪ್ಪಲಿಲ್ಲ. "ಅವಳಿಗೆ ಹೊರಗೆ ಹೋಗಬೇಕು ಅನ್ನಿಸಿದೆ. ಬೇಸಿಗೆಯಿಂದ ಈ ನಾಲ್ಕು ಗೋಡೆ ನೋಡ್ತಾ ಬಿದ್ದಿದಾಳೆ. ಹೆಂಗಸು ಅಂದ್ರೆ ಅವಳೇ" ಎಂದರು. ನನಗೂ ಅದೇ ಸರಿಯೆನ್ನಿಸಿತು. ಮುಂದಿನ ಭಾನುವಾರ ಅಪ್ಪ, ಕಾಕಾ, ಪಕ್ಕದ ಮನೆಯ ಅಕ್ಕನ ಗಂಡ ಮೂವರೂ ಸೇರಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಬಿಗಿದು, ಮೂರು ಮಹಡಿ ಇಳಿಸಿದರು. ತಿರುವಿನಲ್ಲಿ ಕುರ್ಚಿ ವಾಲಿದಾಗ ಅಮ್ಮ ಕಿರುಚಿದಳು. ರಸ್ತೆಯಂಚಿನಲ್ಲಿ ಕುರ್ಚಿ ಇಟ್ಟೆವು. ಟ್ರಾಮು ಹೋಯಿತು. ಹೂವಿನ ಬುಟ್ಟಿ ಹೊತ್ತ ಹೆಂಗಸರು ಹೋದರು. ಒಬ್ಬಳು ನಿಂತು, ಅಮ್ಮನ ಬಾಯಿ ಸೊಟ್ಟಗಾದದ್ದನ್ನು ನೋಡಿ, ಒಂದು ಮೊಳ ಮಲ್ಲಿಗೆಯನ್ನು ಅವಳ ಮಡಿಲಿಗೆ ಹಾಕಿ ಹೋದಳು. ಅಮ್ಮ ಎಡಗೈಯಿಂದ ಕುರ್ಚಿಯ ತೋಳನ್ನು ಹಿಡಿದುಕೊಂಡು ನಡುಗುತ್ತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಅದಲ್ಲ" ಎಂದಳು. "ಅದಲ್ಲ, ಅದಲ್ಲ, ಅದಲ್ಲ."

"ನಡೀರಿ, ಮ್ಯಾಲ ಒಯ್ಯೂಣು" ಎಂದರು ಕಾಕಾ. ಅಪ್ಪ ಕುರ್ಚಿಯ ಕಾಲು ಹಿಡಿದರು.

ದೊಡ್ಡಮ್ಮ ವಾಪಸು ಹೋದರು. ಬಾಗಿಲು, ಹೆಂಗಸು ಮುಂದುವರಿಯಿತು.

ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ಚಳಿ ಶುರುವಾಗಿತ್ತು. ಆ ದಿನ ಬೆಳಿಗ್ಗೆಯಿಂದ ಸ್ಟೌ ಕೈಕೊಟ್ಟಿತ್ತು. ಅಮ್ಮ ಹಾಸಿಗೆಯನ್ನು ಎರಡು ಸಲ ಒದ್ದೆ ಮಾಡಿಕೊಂಡಿದ್ದಳು. ಎಲ್ಲ ಮುಗಿಸಿ ಕೂತೆ. ಅವಳು ಕಾಗದಕ್ಕಾಗಿ ಕೈಚಾಚಿದಳು. ಬಾಗಿಲು. ಹೆಂಗಸು. ಮುಖ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ, ಬೇಸರವಿರಲಿಲ್ಲ. ಇವತ್ತಾದರೂ ಮಗಳಿಗೆ ತಿಳಿಯುತ್ತದೆ ಎಂಬ ನಂಬಿಕೆಯೊಂದೇ ಇತ್ತು. ನನಗೆ ತಡೆಯಲಾಗಲಿಲ್ಲ.

"ಯಾರಮ್ಮಾ? ಯಾರು ಅಂತ ಹೇಳು! ನನಗೆ ಗೊತ್ತಾಗಲ್ಲ ಅಂತ ನಿನಗೆ ಗೊತ್ತಾಗಲ್ಲವಾ?" ಎಂದು ಕೂಗಿದೆ. ಗ್ಯಾಲರಿಯಲ್ಲಿ ಯಾರೋ ನಿಂತರು, ಮುಂದೆ ಹೋದರು.

"ಅದಲ್ಲ" ಎಂದಳು ಅಮ್ಮ, ಸಮಾಧಾನ ಮಾಡುವ ದನಿಯಲ್ಲಿ.

ಅವಳು ನಿದ್ದೆ ಹೋದ ಮೇಲೆ ನಾನು ಹೆಂಗಸಿನ ಅಚ್ಚನ್ನು ತೆಗೆದು ತೊಗರಿಬೇಳೆಯ ಡಬ್ಬದ ಹಿಂದೆ ಬಚ್ಚಿಟ್ಟೆ. ಬಿಸಾಕಲಿಲ್ಲ, ಬಚ್ಚಿಟ್ಟೆ, ಅಷ್ಟೆ. ಒಂದು ದಿನ ಮಟ್ಟಿಗೆ ಸಾಕು ಎಂದುಕೊಂಡಿದ್ದೆ. ಹನ್ನೊಂದು ದಿನವಾಯಿತು.

ಮೊದಲ ದಿನ ಅಮ್ಮ ತಟ್ಟೆಯಲ್ಲಿ ಹುಡುಕಿದಳು. ಎಡಗೈಯಿಂದ ಒಂದೊಂದೇ ಅಚ್ಚನ್ನು ಎತ್ತಿ, ಕಣ್ಣಿನ ಹತ್ತಿರ ತಂದು, ಪಕ್ಕಕ್ಕಿಟ್ಟಳು. ತಟ್ಟೆ ಖಾಲಿಯಾಯಿತು. ಮತ್ತೆ ಮೊದಲಿನಿಂದ ಹುಡುಕಿದಳು. ನಾನು ಅಕ್ಕಿ ಆರಿಸುತ್ತಾ ತಲೆ ಬಗ್ಗಿಸಿ ಕೂತಿದ್ದೆ. ಎರಡನೆಯ ದಿನ ಬೇರೆ ಹೆಂಗಸರ ಅಚ್ಚುಗಳನ್ನೆಲ್ಲ ಒಂದು ಕಡೆ ಸೇರಿಸಿ ನೋಡಿದಳು. ಯಾವುದನ್ನೂ ಒತ್ತಲಿಲ್ಲ. ಮೂರನೆಯ ದಿನ ಹುಡುಕುವುದನ್ನು ಬಿಟ್ಟಳು. ಲೋಟ, ಅನ್ನ, ಕಿಟಕಿ. ಅಷ್ಟೇ.

"ಈಚೆಗೆ ಅವಳು ಸಮಾಧಾನವಾಗಿದಾಳೆ ಅಲ್ಲವೇನಮ್ಮ?" ಎಂದರು ಅಪ್ಪ ಊಟ ಮಾಡುತ್ತಾ. "ಆ ಹಟ ಬಿಟ್ಟುಬಿಟ್ಟಿದಾಳೆ."

"ಹೂಂ" ಎಂದೆ.

ಆ ಹನ್ನೊಂದು ದಿನ ಊಹಿಸುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ನನ್ನ ಇಷ್ಟದ್ದನ್ನು ಕೆತ್ತಿದೆ. ಗಿಳಿ, ಬಳ್ಳಿ, ಹೂವಿನ ಅಂಚು, ಮಾರುಕಟ್ಟೆಯ ತಳ್ಳುಗಾಡಿ. ಅದಕ್ಕಿಂತ ಮೊದಲಾಗಲಿ ಆಮೇಲಾಗಲಿ ಕೈ ಅಷ್ಟು ಹಗುರಾಗಿ ಓಡಿದ್ದು ನನಗೆ ನೆನಪಿಲ್ಲ. ಗಿಳಿಯ ರೆಕ್ಕೆಯ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಬಂತು. ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿ, ಬರೀ "ಹ್ಞಾಂ" ಎಂದು ಬಿಡದೆ, "ಇದನ್ನ ನಮ್ಮ ಛಾಪಖಾನಿ ಶೇಟ್‌ಗೆ ತೋರಸ್ತೀನಿ, ಕೊಡು" ಎಂದರು. ನಾನು ಕೊಟ್ಟೆ. ಒಳಗೆ ಬಂದರೆ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು.

ಹನ್ನೆರಡನೆಯ ದಿನ ಅಚ್ಚನ್ನು ತೆಗೆದು ತಟ್ಟೆಯಲ್ಲಿ ಎಲ್ಲಕ್ಕಿಂತ ಮೇಲಿಟ್ಟೆ. ಅಮ್ಮ ಅದನ್ನು ನೋಡಿದಳು. ಕೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಕೆತ್ತನೆಯ ಮೇಲೆ ಸವರಿದಳು. ಕೆಳಗಿಟ್ಟಳು. ಸಂಜೆಯವರೆಗೆ ಕಾದೆ. ಮರುದಿನ ಕಾದೆ. ಆಮೇಲೆ ನಾನೇ ಬಾಗಿಲು, ಹೆಂಗಸು ಎರಡನ್ನೂ ತಾಗಿಸಿ ಒತ್ತಿ ಕಾಗದವನ್ನು ಅವಳ ಮುಂದೆ ಹಿಡಿದೆ.

"ಇದೇ ಅಲ್ಲವಾ ಅಮ್ಮ? ನೀನು ಹೇಳ್ತಿದ್ದುದು ಇದೇ ಅಲ್ಲವಾ? ಇನ್ನೊಂದ್ಸಲ ಹೇಳಮ್ಮ. ನಾನು ಕೂಗಲ್ಲ."

ಅವಳು ಕಾಗದವನ್ನು ನೋಡಿದಳು. ಬೇರೆ ಯಾರದೋ ಮನೆಯ ಮಗು ಗೀಚಿದ್ದನ್ನು ನೋಡುವ ಹಾಗೆ, ದಾಕ್ಷಿಣ್ಯಕ್ಕೆ ನೋಡಿದಳು.

"ಅದಲ್ಲ" ಎಂದಳು. ಆ ಸಲ ಆ ಮಾತಿಗೆ ಅದರದೇ ಅರ್ಥವಿತ್ತೋ ಇಲ್ಲವೋ, ಈಗಲೂ ನನಗೆ ತಿಳಿಯದು.

ಆಮೇಲೆ ಎಂದೂ ಅವಳು ಆ ಎರಡನ್ನು ಕೂಡಿಸಲಿಲ್ಲ. ಮರೆತಳೋ, ಹೇಳಬೇಕಾದದ್ದು ಹಳೆಯದಾಯಿತೋ, ನಾನೇ ಅದನ್ನು ಬಚ್ಚಿಟ್ಟದ್ದು ಅವಳಿಗೆ ಗೊತ್ತಾಗಿತ್ತೋ. ಕೇಳಿದರೆ ಉತ್ತರ ಒಂದೇ ಅಲ್ಲವೇ. ನಾನು ದಿನದ ಅಚ್ಚನ್ನು ಕೆತ್ತುತ್ತಲೇ ಹೋದೆ. ಅವಳ ಮುಂದೆ ಇಡುತ್ತಲೇ ಹೋದೆ. ಅವಳು ನೋಡುತ್ತಿದ್ದಳು. ಕೆಲವು ದಿನ ನನ್ನ ಕೈಯನ್ನೇ ಹಿಡಿದು, ಬ್ಲೇಡು ತಾಗಿ ತರಚಿದ ಬೆರಳುಗಳನ್ನು ಒಂದೊಂದಾಗಿ ಒತ್ತಿಬಿಡುತ್ತಿದ್ದಳು.

ಶಿವರಾತ್ರಿಗೆ ಕೆಲವು ದಿನ ಮುಂಚೆ, ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಅವಳಿಗೆ ಲಕ್ವ ಮತ್ತೊಮ್ಮೆ ಹೊಡೆದಿತ್ತು. ಅಪ್ಪ ಇನ್ನೂ ಹೊರಟಿರಲಿಲ್ಲ. ಪಕ್ಕದ ಮನೆಯ ಅಕ್ಕ ಓಡಿ ಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಡಾಕ್ಟರು ಮೆಟ್ಟಿಲು ಹತ್ತಿ ಬರುವಷ್ಟು ಹೊತ್ತೂ ಅವಳು ಇರಲಿಲ್ಲ. ಕೊನೆಯಲ್ಲಿ ಅವಳು ಏನನ್ನೂ ಹೇಳಲಿಲ್ಲ, ಆ ಒಂದು ಮಾತನ್ನೂ.

ಹದಿಮೂರು ದಿನದ ಕರ್ಮ ಮುಗಿಸಿ, ಬಂದವರೆಲ್ಲ ಹೋದರು. ಮರುದಿನ ಮಧ್ಯಾಹ್ನ ಗ್ಯಾಲರಿ ಖಾಲಿಯಾದ ಹೊತ್ತಿಗೆ ಕೈ ತಾನಾಗಿ ಬ್ಲೇಡನ್ನು ತೆಗೆದುಕೊಂಡಿತು. ರಬ್ಬರನ್ನೂ ತೆಗೆದುಕೊಂಡೆ. ಏನು ಕೆತ್ತುವುದು? ಯಾರಿಗೂ ಏನೂ ಬೇಕಾಗಿರಲಿಲ್ಲ. ಕಾಕಾ ಬರುವವರೆಗೂ ಹಾಗೇ ಕೂತಿದ್ದೆ. ಅವರು ಖಾಲಿ ಕಾಗದ ನೋಡಿದರು. ಬೈಯಲಿಲ್ಲ. "ನಾಳಿ ನಮ್ಮ ಛಾಪಖಾನಿಗೆ ಬಾ. ಆ ಗಿಳಿ ನೋಡಿ ಶೇಟ್ ಕೇಳಾಕತ್ತಾನ" ಎಂದರು.

ಹೋದೆ. ಅಲ್ಲಿ ಊದುಬತ್ತಿ ಪೊಟ್ಟಣಕ್ಕೆ ಹೂವು, ಉಪ್ಪಿನಕಾಯಿ ಚೀಟಿಗೆ ಮಾವಿನಕಾಯಿ, ಲಗ್ನಪತ್ರಿಕೆಗೆ ಬಳ್ಳಿಯ ಅಂಚು, ಇಂಥವನ್ನು ಮರದಲ್ಲಿ ಕೆತ್ತಲು ಒಬ್ಬರು ಬೇಕಾಗಿದ್ದರು. ಗಂಡಸರ ನಡುವೆ ನಾನೊಬ್ಬಳೇ. ಕಾಕಾ ಪಕ್ಕದ ಮೇಜಿನಲ್ಲಿದ್ದುದರಿಂದ ಯಾರೂ ಏನೂ ಅನ್ನುತ್ತಿರಲಿಲ್ಲ. ಕೊಟ್ಟ ಚಿತ್ರವನ್ನು ಊಹೆಯಿಲ್ಲದೆ ಕೆತ್ತುವುದು ನನಗೆ ಬಹಳ ಸುಲಭವೆನ್ನಿಸಿತು. ಮಾವಿನಕಾಯಿ ಎಂದರೆ ಮಾವಿನಕಾಯಿ. ಸರಿಯಾಗಿದ್ದರೆ ಸರಿ ಎನ್ನುವರು, ತಪ್ಪಾಗಿದ್ದರೆ ತಪ್ಪು ಎನ್ನುವರು. ಮೊದಲ ವಾರ ಶೇಟ್ "ಬರಾಬರ್" ಎಂದಾಗಲೆಲ್ಲ ನಾನು ಆ ಅಚ್ಚನ್ನು ಮತ್ತೊಮ್ಮೆ ಒತ್ತಿ ನೋಡುತ್ತಿದ್ದೆ.

ಮನೆಯಲ್ಲಿ ನಾನು, ಅಪ್ಪ. ಇಬ್ಬರಿಗೂ ಮಾತು ಬರುತ್ತಿತ್ತು, ಆದರೂ ಮಾತಾಡುತ್ತಿದ್ದುದು ಕಡಿಮೆ. ಒಂದು ಭಾನುವಾರ ನಾನು ಹೊಸ್ತಿಲ ಬಳಿ ಕೂತಿದ್ದಾಗ ಅವರು ಪೇಪರು ಮಡಿಸಿಟ್ಟು ಎದುರಿಗೆ ಬಂದು ಕೂತರು.

"ನನಗೂ ಒಂದು ಚೂರು ಕೊಡು ನೋಡೋಣ" ಎಂದರು.

ರಬ್ಬರು ಕೊಟ್ಟೆ, ಬ್ಲೇಡು ಕೊಟ್ಟೆ. ಬುಡ ಅಗಲ, ತುದಿ ಸಣ್ಣ ಎಂದು ಹೇಳಿಕೊಟ್ಟೆ. ಒಂದು ಗಂಟೆ ತಲೆ ಎತ್ತದೆ ಕೆತ್ತಿದರು. ಶಾಯಿಗೆ ತಾಗಿಸಿ ಒತ್ತಿದರು. ಕಾಗದದ ಮೇಲೆ ಎಲೆಯೋ ದೋಣಿಯೋ ಮೀನೋ ಒಂದು ಬಂದಿತ್ತು.

"ಏನಪ್ಪ ಇದು?"

ಅವರು ಕಾಗದವನ್ನು ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. "ಕೆತ್ತೋವಾಗ ಏನೋ ಅಂದ್ಕೊಂಡಿದ್ದೆ ಕಣಮ್ಮ. ಈಗ ನನಗೇ ಗೊತ್ತಾಗ್ತಿಲ್ಲ" ಎಂದರು. ಅವರ ತೋರುಬೆರಳಿನಿಂದ ರಕ್ತ ಬರುತ್ತಿತ್ತು. ನಾನು ಬಟ್ಟೆ ಹರಿದು ಕಟ್ಟಿದೆ. ಅವರು ಎದ್ದು ಹೋಗುತ್ತಾರೆಂದುಕೊಂಡೆ. ಕಟ್ಟಿದ ಬೆರಳನ್ನು ಮೇಲಕ್ಕೆ ಹಿಡಿದುಕೊಂಡೇ ಇನ್ನೊಂದು ಚೂರಿಗೆ ಕೈಚಾಚಿದರು.